ಅವ್ವನ ಸೇರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದವರ ಮೇಲೂ ನಾನು ಸಿಟ್ಟಾಗುತ್ತಿದ್ದೆ. ಆ ಸಿಟ್ಟನ್ನು ಊಟದ ಡಬ್ಬಿಯ ಜೊತೆ ಕಟ್ಟಿಕೊಂಡೇ ದಿನಾ ಬೆಳಿಗ್ಗೆ ಬಸವಕಲ್ಯಾಣದಲ್ಲಿ ಬಸ್ಸು ಹತ್ತಿ, ಹುಮನಾಬಾದ್ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಇದು ತೊಂಬತ್ತರ ದಶಕದ ಕೊನೆಯ ಮಾತು. ನನಗಾಗ ಇಪ್ಪತ್ಮೂರು ವರ್ಷ, ನೌಕರಿ ಸಿಕ್ಕಿ ಎರಡನೇ ವರ್ಷ. ಟೀಚರ್ ಅಂದರೆ ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಹಾಜರಿ ಪುಸ್ತಕ, ಬಾಯಲ್ಲಿ ಪುಸ್ತಕದ ಕನ್ನಡ ಎಂದು ನಂಬಿದ್ದ ಕಾಲ.

ಶಾಲೆಗೆ ಎರಡು ಕೋಣೆ, ಒಂದು ಪಡಸಾಲೆ. ಒಂದು ಕೋಣೆಯಲ್ಲಿ ಹೆಡ್ ಮಾಸ್ತರು ಮೂರನೆಯ ಮತ್ತು ನಾಲ್ಕನೆಯ ತರಗತಿಯನ್ನು ಒಟ್ಟಿಗೆ ಕೂಡಿಸಿಕೊಂಡು ಕಲಿಸುತ್ತಿದ್ದರು. ಇನ್ನೊಂದರಲ್ಲಿ ನನ್ನ ಎರಡನೇ ತರಗತಿ. ಒಂದನೇ ತರಗತಿಯ ಚಿಕ್ಕ ಮಕ್ಕಳು ಪಡಸಾಲೆಯಲ್ಲಿ, ಅವರೂ ನನ್ನ ಕೊರಳಿಗೇ. ಇಲ್ಲಿ ಪಾಠ ಹೇಳುತ್ತಾ ಅಲ್ಲಿ ಯಾರು ಯಾರ ಪಾಟಿ ಒಡೆದರು ಎಂದು ನೋಡುತ್ತಿರಬೇಕು. ಗಾಳಿ ತಿರುಗಿದ ದಿನ ಹುಮನಾಬಾದಿನ ಕಾರ್ಖಾನೆಗಳ ಕಡೆಯಿಂದ ಔಷಧಿಯ ಘಾಟು ಬರುತ್ತಿತ್ತು, ಆಗ ಮಕ್ಕಳೆಲ್ಲ ಮೂಗು ಹಿಡಿದುಕೊಂಡು ಮಗ್ಗಿ ಹೇಳುತ್ತಿದ್ದರು.

ಹೆಡ್ ಮಾಸ್ತರು ಹತ್ತಿರದ ಹುಡಗಿ ಎಂಬ ಊರಿನವರು. ಲೂನಾ ಮೇಲೆ ಬರುತ್ತಿದ್ದರು. ಅರ್ಧ ಮಾಸ್ತರು, ಅರ್ಧ ಒಕ್ಕಲಿಗ. ತೊಗರಿ ರಾಶಿಯ ದಿನಗಳಲ್ಲಿ ಅವರ ಅಂಗಿಯ ಕಾಲರಿನಲ್ಲಿ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಎಲ್ಲವೂ 'ಬರೋಬರ್' ಇರಬೇಕು ಎನ್ನುವುದು ಅವರ ಹಟ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬ ಮುದುಕಿ ತನ್ನ ಮೊಮ್ಮಗಳನ್ನು ಕರೆದುಕೊಂಡು ಶಾಲೆಗೆ ಬಂದಿದ್ದಳು. ಹುಡುಗಿಗೆ ಒಂಬತ್ತು ವರ್ಷ. ತಂದೆ ತಾಯಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು, ಇವಳೂ ಎರಡು ವರ್ಷ ಅವರ ಜೊತೆ ಅಲ್ಲಿದ್ದು, ಈಗ ಅಜ್ಜಿಯ ಹತ್ತಿರ ತಿರುಗಿ ಬಂದಿದ್ದಳು. ಕಾಗದ ಪತ್ರ ಏನೂ ಇಲ್ಲ. ಹೆಡ್ ಮಾಸ್ತರು ಅವಳನ್ನು ಎರಡನೆಯದರಲ್ಲಿ ಕೂಡಿಸಿದರು, ಆದರೆ ಹೆಸರನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಫೆಬ್ರವರಿಯಲ್ಲಿ ತಾವೇ ಪರೀಕ್ಷೆ ಮಾಡುವುದಾಗಿ, ಲೆಕ್ಕ ಬಂದರೆ ಹೆಸರು ಪೆನ್ನಿನಲ್ಲಿ ಬರೆಯುವುದಾಗಿ, ಬರದಿದ್ದರೆ ಒಂದನೇ ತರಗತಿಗೆ ಇಳಿಸುವುದಾಗಿ ಹೇಳಿದರು.

"ಒಂದನೇತ್ತಾಗ ಕೂಡಸ್ತೀರಂದ್ರ ನಾ ಕಳಸಂಗಿಲ್ರಿ ಸರ್," ಎಂದಿದ್ದಳು ಮುದುಕಿ. "ಇಷ್ಟ್ ಎತ್ತರ ಹುಡುಗಿ ಕೂಸುಗಳ ನಡುವ ಕುಂತ್ರ ಮಂದಿ ನಗ್ತಾರ. ಅದಕ್ಕಿಂತ ನನ್ ಜೋಡಿ ಸಂತ್ಯಾಗ ಕುಂದ್ರಲಿ, ಕಾಳ ಅಳೀಲಿ."

ಹೀಗೆ ಆ ಹುಡುಗಿಯ ಶಾಲೆ ಒಂದು ಪೆನ್ಸಿಲ್ ಗೆರೆಯ ಮೇಲೆ ನಿಂತಿತ್ತು. ಅವಳಿಗೂ ಅದು ಗೊತ್ತಿತ್ತು. ಗೋಡೆಗೆ ಒತ್ತಿ, ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ ಕೂಡುತ್ತಿದ್ದಳು. ಎತ್ತರ ಕಡಿಮೆ ಕಾಣಲಿ ಎಂದು. ನಾನು ದಿನಾ "ನೆಟ್ಟಗೆ ಕೂಡು" ಎಂದು ಗದರುತ್ತಿದ್ದೆ. ಅವಳು ಯಾಕೆ ಹಾಗೆ ಕೂಡುತ್ತಾಳೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಫೆಬ್ರವರಿ ಬಂತು. ಅದಕ್ಕೆ ಸ್ವಲ್ಪ ಮೊದಲು ಹುಮನಾಬಾದಿನಲ್ಲಿ ನಮಗೆ ಐದು ದಿನ ತರಬೇತಿ ಆಗಿತ್ತು. ಆಡುತ್ತಾ ಕಲಿಸಬೇಕು, ಮಕ್ಕಳು ಮನೆಯಿಂದ ತಂದದ್ದರಿಂದಲೇ ಪಾಠ ಶುರು ಮಾಡಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಗೆರೆ ಎಳೆಯುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ಹೆಡ್ ಮಾಸ್ತರಿಗೆ ಹೇಳಿ ಒಂದು ವಾರ ಪೂರ್ತಿ 'ಅಳತೆ ವಾರ' ಎಂದು ಗೊತ್ತು ಮಾಡಿದೆ. "ಮಾಡ್ರಿ. ಶನಿವಾರ ನಾ ಬಂದು ಆ ಹುಡುಗೀಗಿ ಅದರಾಗೇ ಕೇಳ್ತೀನಿ," ಎಂದರು ಅವರು.

ಸೋಮವಾರ ಗೇಣು, ಮೊಳ, ಹೆಜ್ಜೆ. ಕರಿಹಲಗೆ ಎಷ್ಟು ಗೇಣು ಉದ್ದ ಎಂದು ಕೇಳಿದೆ. ಒಬ್ಬಳು ಒಂಬತ್ತು ಅಂದಳು, ಇನ್ನೊಬ್ಬ ಹನ್ನೊಂದು ಅಂದ, ಎರಡು ಗುಂಪಾಗಿ ಜಗಳಕ್ಕೆ ನಿಂತರು. ಯಾರದೂ ಸುಳ್ಳಲ್ಲ, ಕೈ ಬೇರೆ ಬೇರೆ ಎಂದು ತಿಳಿಯಲು ಅವರಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಆ ಹುಡುಗಿ ಜಗಳಕ್ಕೆ ಬರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ತನ್ನ ಗೇಣಿನಲ್ಲೂ ಪಕ್ಕದವಳ ಗೇಣಿನಲ್ಲೂ ಹಲಗೆ ಅಳೆದು, "ನಂದು ಎಂಟು, ಇಕೀದು ಹತ್ತು. ಹಲಗಿ ಒಂದೇ ಅದ್ರಿ," ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. ನನಗೆ ಖುಷಿಯಾಯಿತು. ಮಂಗಳವಾರ ಹುಣಸೆಬೀಜ ಎಣಿಸಿ ಹತ್ತು ಹತ್ತರ ಗುಂಪು ಮಾಡುವ ಆಟ. ಎಲ್ಲರಿಗಿಂತ ಜಲ್ದಿ ಮುಗಿಸಿದವಳು ಅವಳೇ. ಶನಿವಾರದ ಚಿಂತೆ ಮುಗಿಯಿತು ಅಂದುಕೊಂಡೆ.

ಬುಧವಾರ ಕಾಳು ಅಳೆಯುವುದು. ಯಾರ ಮನೆಯಲ್ಲಿ ಸೇರು ಇದೆಯೋ ತನ್ನಿ ಎಂದಿದ್ದೆ. ತಂದವಳು ಅವಳೊಬ್ಬಳೇ. ಅಜ್ಜಿಯ ಸೇರು, ಕಂಠದ ಸುತ್ತ ಹಿತ್ತಾಳೆಯ ಪಟ್ಟಿ, ಕೈಯಾಡಿ ಆಡಿ ನುಣುಪಾದದ್ದು. ಚಾದರ ಹಾಸಿ ಜೋಳ ಸುರಿದು, ನೀನೇ ಮೊದಲು ಅಳೆ ಎಂದೆ. ಅವಳು ಚಾದರದ ಮುಂದೆ ಕುಳಿತಳು. ಆವತ್ತು ಬೆನ್ನು ಬಗ್ಗಿಸಲಿಲ್ಲ. ಸೇರು ತುಂಬಿದಳು, ಅಂಗೈಯಿಂದ ಬಾಯಿ ಸವರಿದಳು, ಎತ್ತಿ ಈಚೆ ಸುರಿದಳು.

"ಲಾಭ," ಎಂದಳು. ಎರಡನೆಯ ಸೇರಿಗೆ, "ಎರಡು."

ತರಗತಿ ಗೊಳ್ಳೆಂದಿತು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವುದು ಆ ಊರಿನ ಎಲ್ಲ ಮನೆಗಳ ಪದ್ಧತಿ. ನಕ್ಕ ಮಕ್ಕಳ ಮನೆಯಲ್ಲೂ ಬೆಳಿಗ್ಗೆ ಬೀಸುವ ಜೋಳಕ್ಕೆ ಹಾಗೆಯೇ ಎಣಿಸಿರುತ್ತಾರೆ. ಆದರೆ ಅದು ಚಪ್ಪಲಿಯ ಹಾಗೆ ಶಾಲೆಯ ಹೊರಗೆ ಬಿಟ್ಟು ಬರಬೇಕಾದ ಮಾತು ಎಂದು ಅವರು ಹೇಗೋ ಕಲಿತಿದ್ದರು. ನಾವೇ ಕಲಿಸಿದ್ದೆವು.

"ಲಾಭ ಅಲ್ಲ, ಒಂದು. ಮತ್ತೆ ಅಳೆ," ಎಂದೆ.

ಅವಳು ಮತ್ತೆ ತುಂಬಿದಳು, ಸವರಿದಳು. ನನ್ನ ಮುಖ ನೋಡಿದಳು. "ಲಾಭ," ಎಂದಳು, ಮೊದಲಿಗಿಂತ ಮೆಲ್ಲಗೆ.

ಮಕ್ಕಳು ಇನ್ನೂ ಜೋರಾಗಿ ನಕ್ಕರು. ಅವರು ನನ್ನನ್ನೇ ನೋಡಿ ನಗುತ್ತಿದ್ದಾರೆ ಅನಿಸಿತು. "ನಿನ್ನೆ ಬೀಜ ಎಣಿಸುವಾಗ ಒಂದು ಬಂತು, ಇವತ್ತು ಯಾಕೆ ಬರುವುದಿಲ್ಲ?" ಎಂದೆ. ಅವಳು ಸೇರಿನ ಹಿತ್ತಾಳೆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಕುಳಿತಳು. ನನಗೆ ರೇಗಿತು. "ಒಂದು ಅನ್ನುವುದು ನೆನಪಾಗುವವರೆಗೆ ಹೊರಗೆ ಧ್ವಜದ ಕಟ್ಟೆಯ ಹತ್ತಿರ ನಿಲ್ಲು. ಹೋಗು," ಎಂದೆ. ಅವಳು ತುಂಬಿದ ಸೇರನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದಳು.

ಐದು ನಿಮಿಷ ನಿಲ್ಲಿಸಿ ಕರೆಯೋಣ ಎಂದಿದ್ದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಒಂದನೇ ತರಗತಿಯ ಒಂದು ಮಗು ಮೂಗಿನಲ್ಲಿ ಬಳಪದ ಚೂರು ಸಿಗಿಸಿಕೊಂಡು ಹೋ ಎಂದು ಅಳತೊಡಗಿತು. ಅದನ್ನು ತೆಗೆದು, ಮುಖ ತೊಳೆಸಿ, ಸಮಾಧಾನ ಮಾಡಿ, ಉಳಿದವರಿಗೆ ಮೂಗಿನಲ್ಲಿ ಏನೇನು ಹಾಕಬಾರದು ಎಂದು ಭಾಷಣ ಮಾಡಿ ಒಳಗೆ ಬಂದು, ಜೋಳ ಚೀಲಕ್ಕೆ ತುಂಬಿಸಿ, ಪದ್ಯ ಬರೆಸಿದೆ. ಊಟದ ಗಂಟೆ ಹೊಡೆಯಿತು. ಮಕ್ಕಳ ಹಿಂದೆ ಹೊರಗೆ ಬಂದಾಗ ಅವಳು ಕಂಡಳು.

ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಆದರೆ ನಮ್ಮ ಕಡೆಯ ಬಿಸಿಲು ಹಬ್ಬಕ್ಕೆ ಕಾಯುವುದಿಲ್ಲ. ಮುಖ ಕೆಂಪಾಗಿ ಬೆವರಿತ್ತು. ಎರಡೂ ಕೈಯಲ್ಲಿ ಸೇರು ನೆಟ್ಟಗೆ ಹಿಡಿದಿದ್ದಳು. ಒಂದು ಕಾಳೂ ಚೆಲ್ಲಿರಲಿಲ್ಲ. ನಾನು ಹತ್ತಿರ ಹೋಗುವ ಮೊದಲೇ ಒಳಗೆ ಹೋಗಿ, ಕಾಳನ್ನು ಚೀಲಕ್ಕೆ ಸುರಿದು, ಖಾಲಿ ಸೇರನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು. ಮಧ್ಯಾಹ್ನ ಬರಲಿಲ್ಲ. ಸಂಜೆ ಬಸ್ಸಿನಲ್ಲಿ, ಹಟಮಾರಿ ಹುಡುಗಿ, ತಪ್ಪು ಅವಳದೇ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ತಪ್ಪು ಅವಳದೇ ಆಗಿದ್ದರೆ ಅಷ್ಟು ಸಲ ಹೇಳಿಕೊಳ್ಳಬೇಕಿರಲಿಲ್ಲ.

ಗುರುವಾರವೂ ಅವಳು ಬರಲಿಲ್ಲ. ಸೇರು ಇಲ್ಲದ್ದರಿಂದ ಚೆಂಬು, ಲೋಟ ಇಟ್ಟು ನೀರು ಅಳೆಯಿಸಿದೆ. ಮಕ್ಕಳು ಮೈಯೆಲ್ಲ ತೋಯಿಸಿಕೊಂಡು ಕುಣಿದರು. ಅವಳು ಕೂಡುತ್ತಿದ್ದ ಗೋಡೆಯ ಹತ್ತಿರ ಮಾತ್ರ ನೆಲ ಒಣಗಿತ್ತು.

ಅವತ್ತು ಊರಿನ ಸಂತೆ. ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣಕ್ಕೆ ಅದರ ನಡುವೆಯೇ ಹೋಗಬೇಕು. ಮುದುಕಿ ತೊಗರಿ, ಜೋಳ, ಶೇಂಗಾ ಗುಡ್ಡೆ ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಹುಡುಗಿ. ಗಿರಾಕಿಗೆ ತೊಗರಿ ಅಳೆಯುತ್ತಾ ಮುದುಕಿ, "ಲಾಭ… ಎರಡು… ಮೂರು…" ಎಂದು ಹಾಡಿನಂತೆ ಎಳೆಯುತ್ತಿದ್ದಳು. ಆಚೆ ಮಗ್ಗುಲಲ್ಲಿ ಉದ್ದು ಮಾರುವ ಒಬ್ಬ ಸಾಹೇಬರು, "ಬರ್ಕತ್… ದೋ… ತೀನ್…" ಎನ್ನುತ್ತಿದ್ದರು. ಅವರೂ ಒಂದು ಅನ್ನುತ್ತಿರಲಿಲ್ಲ. ಎರಡು ವರ್ಷದಿಂದ ಅದೇ ಸಂತೆಯಲ್ಲಿ ಓಡಾಡಿದ್ದೆ, ಆವತ್ತೇ ಕಿವಿಗೆ ಬಿದ್ದದ್ದು.

ನನ್ನನ್ನು ನೋಡಿ ಹುಡುಗಿ ಅಜ್ಜಿಯ ಬೆನ್ನ ಹಿಂದೆ ಸರಿದಳು.

"ಬರ್ರಿ ಟೀಚರ್, ಕುಂದರ್ರಿ," ಎಂದಳು ಮುದುಕಿ, ಗೋಣಿಚೀಲ ಕೊಡವಿ ಹಾಸುತ್ತಾ. ಜಗಳ ತೆಗೆಯುತ್ತಾಳೆ ಎಂದು ಸಿದ್ಧಳಾಗಿ ಹೋಗಿದ್ದ ನನಗೆ ಆ ಮರ್ಯಾದೆಯೇ ಚುಚ್ಚಿತು.

"ನಾಳೆ ಕಳಸ್ರಿ ಅವ್ವ. ಶನಿವಾರ ಅಕಿನ ಪರೀಕ್ಷಾ ಅದ. ಒಂದು ಅಂದ್ಲಂದ್ರ ಆತು, ಹೆಸರು ಪಕ್ಕಾ ಆಗ್ತದ."

"ಅಂತಾಳ್ರಿ, ಯಾಕ ಅನ್ನಂಗಿಲ್ಲ? ಬಟ್ಟಿಗಿ ಒಂದು ಅಂತಾಳ, ರೊಟ್ಟಿಗಿ ಒಂದು ಅಂತಾಳ. ಕಾಳಿಗಿ ಒಂದು ಅನಬಾರದ್ರಿ. ಸೇರಿನ ಬಾಯಾಗ ಒಂದು ಅಂದ್ರ ರಾಶಿ ಅಲ್ಲೇ ನಿಂತಂಗ, ಬರ್ಕತ್ ಹೋಗ್ತದ, ಏಳಿಗಿ ಆಗಂಗಿಲ್ಲ." ಮುದುಕಿ ಸೇರನ್ನು ಸೆರಗಿನಿಂದ ಒರೆಸಿದಳು. "ಸಾಲಿ ನಿಮ್ದು, ಜ್ವಾಳ ನಿಮ್ದು, ಹ್ಯಾಂಗರೆ ಎಣಸ್ರಿ. ಆದ್ರ ಸೇರು ನಂದ್ರಿ. ಇದರಾಗ ಮಾತ್ರ ಒಂದು ಅನಸಬ್ಯಾಡ್ರಿ."

ನನಗೆ ಗೊತ್ತಿಲ್ಲದ ಮಾತೇನೂ ಅವಳು ಹೇಳಲಿಲ್ಲ. ನಮ್ಮ ಮನೆಯಲ್ಲೂ ಅವ್ವ ಹಾಗೆಯೇ ಅಳೆಯುತ್ತಿದ್ದಳು. ಚಿಕ್ಕವಳಿದ್ದಾಗ ಹಿಟ್ಟಿನ ಗಿರಣಿಗೆ ಜೋಳ ಅಳೆದು ಕೊಡುವ ಕೆಲಸ ನನ್ನದೇ ಆಗಿತ್ತು. ಟೀಚರ್ ಆಗುವ ಓದಿಗೆ ಹೋದ ಮೇಲೆ ಅದೆಲ್ಲ ನನ್ನಿಂದ ಬಿಟ್ಟುಹೋಯಿತು ಅಂದುಕೊಂಡಿದ್ದೆ. ಆದರೆ ಮುದುಕಿಯ ಮಾತಿನಲ್ಲಿ ಒಂದು ದಾರಿ ಕಂಡಿತು. ಸೇರು ಬೇರೆ ತಂದರಾಯಿತಲ್ಲ!

ಶುಕ್ರವಾರ ಹುಡುಗಿ ಬಂದಳು. ಮಕ್ಕಳೆಲ್ಲ ಮನೆಯಲ್ಲಿ ಏನೇನು ಅಳೆಯುತ್ತಾರೆ ಎಂದು ಚಿತ್ರ ಬರೆಯುತ್ತಿದ್ದಾಗ ಅವಳನ್ನು ಹತ್ತಿರ ಕರೆದೆ. ಬುಧವಾರ ನಿನ್ನನ್ನು ಮರೆತುಬಿಟ್ಟೆ ಎಂದು ಹೇಳಬೇಕೆಂದು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ. "ನಾಳೆ ನಮ್ಮ ಮನೆಯ ಸೇರು ತರುತ್ತೇನೆ. ಅದರಲ್ಲಿ ಒಂದು ಅನ್ನಬಹುದು. ಮನೆಯಲ್ಲಿ ಲಾಭ, ಶಾಲೆಯಲ್ಲಿ ಒಂದು. ತಿಳೀತಾ?"

"ಹೌದ್ರಿ," ಎಂದಳು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು, "ನಿಮ್ ಅವ್ವಗ ಮಾಲೂಮ್ ಅದೇನ್ರಿ?"

ಹೋಗಿ ಚಿತ್ರ ಬರಿ ಎಂದೆ.

ಶನಿವಾರ ಬೆಳಗಿನ ಶಾಲೆ. ಕತ್ತಲಿರುವಾಗಲೇ ಎದ್ದು ಸೇರು ಕೇಳಿದರೆ ಅವ್ವ, "ಸಾಲ್ಯಾಗ ಸೇರು ಯಾಕ ಬೇಕವ್ವ?" ಎಂದಳು. ಪಾಠಕ್ಕೆ ಅಂದೆ. ಖಾಲಿ ಸೇರು ಮನೆಯಿಂದ ಹೊರಗೆ ಕಳಿಸಬಾರದೆಂದು ಒಂದು ಹಿಡಿ ಜೋಳ ಹಾಕಿ ಕೊಟ್ಟಳು. ದಾರಿಯುದ್ದಕ್ಕೂ ಆ ಕಾಳು ಬ್ಯಾಗಿನಲ್ಲಿ ಗಲಗಲ ಅನ್ನುತ್ತಿತ್ತು.

ಹೆಡ್ ಮಾಸ್ತರು ರಿಜಿಸ್ಟರು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತರು. ಚಾದರದ ಮೇಲೆ ಜೋಳ, ಜೋಳದ ಮುಂದೆ ಹುಡುಗಿ, ಅವಳ ಕೈಯಲ್ಲಿ ನಮ್ಮ ಅವ್ವನ ಸೇರು.

"ಐದು ಸೇರು ಅಳದು ಈ ಕಡಿ ಹಾಕು. ಜೋರ್ ಎಣಿಸು," ಎಂದರು.

ಅವಳು ತುಂಬಿದಳು. ಸವರಿದಳು. ಸೇರು ಎತ್ತಿದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ತುಟಿ ಅಲುಗಾಡಲಿಲ್ಲ. ಸದ್ದಿಲ್ಲದೆ ಸುರಿದಳು. ಆಮೇಲೆ ಗಂಟಲು ಬಿಚ್ಚಿ, "ಎರಡು, ಮೂರು, ನಾಕು, ಐದು," ಎಂದು ಮುಗಿಸಿದಳು. ಲಾಭ ಎಂದರೆ ನನಗೆ ಬೇಸರ, ಒಂದು ಎಂದರೆ ನಮ್ಮ ಅವ್ವನ ರಾಶಿಗೆ ಕುತ್ತು. ಪಾಪ, ಎರಡನ್ನೂ ನುಂಗಿಕೊಂಡಿದ್ದಳು.

"ಒಂದು ಎಲ್ಲಿ ಹೋತು?" ಎಂದರು ಹೆಡ್ ಮಾಸ್ತರು. "ಎರಡರಿಂದ ಎಣಿಸಿದ್ರ ನಾಕೇ ಆತಲ್ಲ. ಬರೋಬರ್ ಇಲ್ಲ ಟೀಚರ್. ಒಂದು ಬರದಾಕಿ ಎರಡನೇತ್ತಾಗ ಹ್ಯಾಂಗ ಕುಂದರ್ತಾಳ?" ಎಂದು ರಿಜಿಸ್ಟರಿನಲ್ಲಿ ಒಂದನೇ ತರಗತಿಯ ಪುಟ ತಿರುವಿದರು.

ಹುಡುಗಿ ಪೆನ್ನಿನ ಕಡೆ ನೋಡಿದಳು. "ತಡೀರಿ ಸರ್," ಎಂದು ನಾನು ಇಸ್ತ್ರಿ ಸೀರೆಯಲ್ಲೇ ನೆಲಕ್ಕೆ ಕುಳಿತೆ. "ಅದು ಐದೇ ಅದ. ನಾ ಅಳದು ತೋರಸ್ತೀನಿ."

ಅವಳ ಕೈಯಿಂದ ಸೇರು ತೆಗೆದುಕೊಂಡೆ. ಎಷ್ಟೋ ವರ್ಷದ ಮೇಲೆ ಅಳೆಯಲು ಅದು ನನ್ನ ಕೈಗೆ ಬಂದಿತ್ತು. ಅವಳು ಅಳೆದು ಹಾಕಿದ ಗುಡ್ಡೆಯಿಂದಲೇ ತುಂಬಿದೆ. ಅಂಗೈ ತಾನಾಗಿ ಬಾಯಿ ಸವರಿತು. ಎತ್ತಿ ಸುರಿದೆ.

"ಲಾಭ," ಎಂದೆ.

ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಗೆ ಬಿದ್ದಾಗಿತ್ತು. ಯಾರೂ ನಗಲಿಲ್ಲ. ಹೆಡ್ ಮಾಸ್ತರರ ಪೆನ್ನು ಪುಟದ ಮೇಲೆ ನಿಂತುಬಿಟ್ಟಿತು. ಎರಡನೆಯ ಸೇರು ತುಂಬಿ ಕೈಯಲ್ಲಿದೆ, ಮುಂದೆ ಏನು ಅನ್ನಬೇಕೆಂದು ನನಗೆ ತೋಚುತ್ತಿಲ್ಲ.

"ಎರಡು ಅನ್ರಿ ಟೀಚರ್," ಎಂದಳು ಹುಡುಗಿ, ಮೆಲ್ಲಗೆ.

ಎರಡು ಎಂದೆ. ಮೂರಕ್ಕೆ ತರಗತಿ ಜೊತೆಗೂಡಿತು. ಐದಕ್ಕೆ ಪಡಸಾಲೆಯ ಕೂಸುಗಳೂ ಕಿರುಚಿದವು. ಅವಳ ಗುಡ್ಡೆ ಖಾಲಿಯಾಗಿತ್ತು, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೆಡ್ ಮಾಸ್ತರು ಕುರ್ಚಿಯಿಂದ ಬಗ್ಗಿ ಚಾದರ ನೋಡಿದರು. ಆಮೇಲೆ ಹುಡುಗಿಯನ್ನು ಕೇಳಿದರು, "ಐದರಾಗ ಎರಡು ಮಾರಿದಿ. ಎಷ್ಟ್ ಉಳೀತು?"

"ಮೂರ್ರಿ."

"ಹನ್ನೆರಡು ಮಾಡಬೇಕಂದ್ರ ಇನ್ನ ಎಷ್ಟ್ ಬೇಕು?"

"ಒಂಬತ್ತ್ರಿ." ಕೇಳಿ ಮುಗಿಯುವ ಮೊದಲೇ ಬಂತು ಉತ್ತರ.

ಅವರು ಪುಟ ಹಿಂದಕ್ಕೆ ತಿರುವಿ, ಪೆನ್ಸಿಲಿನ ಹೆಸರಿನ ಮೇಲೆ ಪೆನ್ನಿನಲ್ಲಿ ತಿದ್ದಿ ಬರೆದರು. ಬಾಗಿಲು ದಾಟುವಾಗ ನನಗೆ ಮಾತ್ರ ಕೇಳುವಂತೆ, "ರಾಶಿ ಮುಂದ ಒಂದು ಅಂದಿದ್ದಕ್ಕ ನಮ್ಮಪ್ಪ ನನ್ ಕಪಾಳಕ್ಕ ಹೊಡದಿದ್ದ ನೋಡ್ರಿ," ಎಂದು ನಕ್ಕು ತಮ್ಮ ತರಗತಿಗೆ ಹೋದರು.

ನಾನು ಎದ್ದು ಸೀರೆಗೆ ಅಂಟಿದ ಧೂಳು ಕೊಡವಿಕೊಂಡೆ. ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ, ಎರಡು ಹಲ್ಲು ಬಿದ್ದಿದ್ದ ಒಬ್ಬ ಚೂಟಿ ಹುಡುಗಿ ಕೈ ಎತ್ತಿದಳು. ಚೇಷ್ಟೆಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

"ಟೀಚರ್, ನಿಮಗ ಹೊರಗ ಯಾರ್ ನಿಂದ್ರಸ್ತಾರ್ರಿ?"

ಬೇರೆ ದಿನವಾಗಿದ್ದರೆ ಅವಳಿಗೂ ಕಟ್ಟೆಯ ದಾರಿ ತೋರಿಸುತ್ತಿದ್ದೆನೇನೋ. ಅವತ್ತು ಸಿಟ್ಟು ಬರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಸೇರು ಹಿಡಿದುಕೊಂಡೇ ಹೊರಗೆ ನಡೆದು ಧ್ವಜದ ಕಟ್ಟೆಯ ಪಕ್ಕ ನಿಂತೆ. ಕಿಟಕಿಯ ಸರಳುಗಳ ನಡುವೆ ಮಕ್ಕಳ ಮುಖಗಳು ಒತ್ತಿಕೊಂಡವು. ಬೆಳಗಿನ ಬಿಸಿಲೇ ನೆತ್ತಿಗೆ ತಾಗುತ್ತಿತ್ತು. ಅಲ್ಲಿ ನಿಂತರೆ ತರಗತಿಯ ಒಳಗಿನ ಪ್ರತಿಯೊಂದು ಮಾತೂ ಕೇಳುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಬುಧವಾರ ನಾನು ಪದ್ಯ ಬರೆಸಿದ್ದು, ಮಕ್ಕಳನ್ನು ನಗಿಸಿದ್ದು, ಎಲ್ಲವೂ ಅವಳಿಗೆ ಕೇಳಿರಬೇಕು.

ನಾನು ನಿಂತು ಐದು ಎಣಿಸುವಷ್ಟೂ ಹೊತ್ತಾಗಿರಲಿಲ್ಲ. ಅವಳು ಒಳಗಿನಿಂದ ಓಡಿ ಬಂದಳು. ಸೇರು ತನ್ನ ಕೈಗೆ ತೆಗೆದುಕೊಂಡು, ನನ್ನ ಸೆರಗಿನ ತುದಿ ಹಿಡಿದು ಎಳೆದಳು.

"ಒಳಗ ಬರ್ರಿ ಟೀಚರ್. ಬಿಸಲ ಭಾಳ ಅದ."

ಬುಧವಾರ ಗಂಟೆ ಹೊಡೆಯುವವರೆಗೂ ಅವಳನ್ನು ಒಳಗೆ ಕರೆಯಬೇಕೆಂದು ನನಗೆ ನೆನಪೇ ಆಗಿರಲಿಲ್ಲ.